ಏಳನೇ ಹೆಣ

ನನ್ನದು ಏಳನೇ ಹೆಣದ ಪಾತ್ರ.
ಮಾತಿಲ್ಲ. ಎರಡನೇ ಅಂಕದ ಕೊನೆಗೆ ಬೀಳಬೇಕು,
ನಾಟಕ ಮುಗಿಯುವ ತನಕ ಬಿದ್ದೇ ಇರಬೇಕು.
ಹನ್ನೊಂದು ನಿಮಿಷ.
ಹೊಟ್ಟೆ ಏರಿಳಿಯಬಾರದು, ಬೆನ್ನಿನಿಂದ ಉಸಿರಾಡು
ಅಂತ ಉಲ್ಲಾಸ ಮಾಸ್ತರರ ತಾಕೀತು.

ಬೈತಖೋಲದ ಮೀನು ಹರಾಜಿನ ಕಟ್ಟೆಯೇ ನಮ್ಮ ರಣರಂಗ.
ಸಂಜೆ ಪೈಪು ಹಿಡಿದು ಎಷ್ಟು ತೊಳೆದರೂ
ಸಿಮೆಂಟಿನ ಬಿರುಕಿನಲ್ಲಿ ಬಂಗಡೆಯ ರಕ್ತ ಉಳಿದಿರುತ್ತದೆ.
ಬಣ್ಣದ ಖರ್ಚು ಉಳಿಯಿತು ಅಂದ ಖಜಾಂಚಿ.
ಹೆಣಕ್ಕೊಂದು ಚಾಕ್‌ಪೀಸಿನ ಗೆರೆ, ಗೆರೆಯೊಳಗೊಂದು ನಂಬರು.

ಇದು ಯಾವ ಯುದ್ಧ ಸಾರ್, ಕೇಳಿದ್ದೆ ಮೊದಲ ದಿನ.
ಯಾವುದೂ ಅಲ್ಲ, ಎಲ್ಲವೂ ಹೌದು ಅಂದರು.
ಹುಬ್ಬಳ್ಳಿಯಿಂದ ಬಾಡಿಗೆಗೆ ಬಂದ ಸಮವಸ್ತ್ರ
ಎರಡೂ ಸೈನ್ಯಕ್ಕೆ ಒಂದೇ ಬಣ್ಣದ್ದು;
ವೈರಿಗಳ ತೋಳಿಗೆ ಕೆಂಪು ಪಟ್ಟಿ ಕಟ್ಟಿದೆವು.
ಬಿದ್ದ ಮೇಲೆ ಪಟ್ಟಿ ಮಗ್ಗುಲಡಿ ಸಿಕ್ಕಿಕೊಳ್ಳುತ್ತದೆ.

ಬೀಳುವುದನ್ನು ಕಲಿಸಲು
ಕೋಡಿಬಾಗದಿಂದ ಹವಾಲ್ದಾರ ಪುರಸು ತಾಂಡೇಲ ಬಂದರು.
ನಾವು ಬಿದ್ದು ತೋರಿಸಿದೆವು:
ಕೈ ಎದೆಗೆ, ಅರ್ಧ ಸುತ್ತು, ಮುಖ ಜನರ ಕಡೆ.
ಎಲ್ಲರೂ ಟಿಕೀಟು ತೆಗೆದವರ ಕಡೆಗೇ ತಿರುಗಿ ಸಾಯ್ತೀರಲ್ಲೋ ಅಂತ ನಕ್ಕರು.
ಆಮೇಲೆ ನಗಲಿಲ್ಲ.
ಕೂತುಬಿಡ್ತಾರಪ್ಪ, ಅಷ್ಟೇ.
ಚೀಲ ಇಳಿಸೋಕೆ ಕೂತ ಹಾಗೆ.
ಏಳೋ, ಹೊರಡೋಣ ಅಂತ ನೀನು ಕರೀತಾ ಇರ್ತೀಯ.
ಹೋಗುವಾಗ ಒಂದೇ ಪ್ರಶ್ನೆ:
ಕೊನೇ ಸೀನಿನಲ್ಲಿ ಬೂಟು ಯಾರು ಬಿಚ್ಚಿಕೊಳ್ತಾರೆ?
ಮಾಸ್ತರರು ಹಾಳೆ ತಿರುವಿದರು, ಮತ್ತೆ ತಿರುವಿದರು.
ಬರೆದಿರಲಿಲ್ಲ.
ಮರುದಿನದಿಂದ ಹವಾಲ್ದಾರರು ಬರಲಿಲ್ಲ.

ಮೂರನೇ ಅಂಕದಲ್ಲಿ ಲಾಟೀನು ಹಿಡಿದ ತಾಯಿ ಬರುತ್ತಾಳೆ,
ಒಣಮೀನು ಮಾರುವ ರುಕ್ಮಾಬಾಯಿ.
ಮಾತು ನೆನಪಿರದು ಅಂತ ಅವಳಿಗೆ ಒಂದೇ ಮಾತು ಕೊಟ್ಟಿದ್ದರು.
ಮುಖ ಎತ್ತಬೇಕು, ದೀಪ ಹಿಡಿಯಬೇಕು,
ಇವನಲ್ಲ ಅನ್ನಬೇಕು, ಮುಂದೆ ಹೋಗಬೇಕು.
ತಾಲೀಮಿನಲ್ಲಿ ಅವಳು ನಮ್ಮನ್ನು ದಾಟುತ್ತಿದ್ದುದು
ಹರಾಜಿನಲ್ಲಿ ಹಳಸಿದ ಬುಟ್ಟಿ ದಾಟುವ ಹಾಗೆ.
ನೆಲದಲ್ಲಿ ಮಲಗಿ ಇಪ್ಪತ್ತು ದಿನ ಕೇಳಿ ಕೇಳಿ
ನನಗೆ ತಿಳಿಯಿತು, ಆ ಮಾತಿನಲ್ಲಿ ಎಷ್ಟು ಸಮಾಧಾನವಿದೆ,
ಆ ಸಮಾಧಾನಕ್ಕೆ
ಬೇರೆ ಯಾರದೋ ಮಗ ಬೇಕು ಅಂತ.

ಪ್ರಯೋಗದ ರಾತ್ರಿ. ತುಂಬಿದ ಜನ, ಕಟ್ಟಿಹಾಕಿದ ದೋಣಿಗಳು,
ತಗಡು ಅಲ್ಲಾಡಿಸಿ ತೋಪು ಹಾರಿಸಿದರು.
ಬಿದ್ದೆ. ಬೀಳುವಾಗ ಅಂಗಿ ಮೇಲೆ ಸರಿದು
ಹೊಟ್ಟೆ ಬಯಲಾಯಿತು. ಹೆಣ ಅಂಗಿ ಎಳೆದುಕೊಳ್ಳುವಂತಿಲ್ಲ.
ಕಿವಿಯ ಹತ್ತಿರ ಒಂದು ಸೊಳ್ಳೆ.
ಮಂತ್ರಿ ನಮ್ಮನ್ನು ದಾಟಿ ಮುಂದೆ ಬಂದು
ಶಾಂತಿಯ ಬಗ್ಗೆ ಮಾತಾಡಿದ,
ಚಪ್ಪಾಳೆ ಬಿತ್ತು.
ಆ ಸದ್ದಿನಲ್ಲಿ ನಾನು ಗಟ್ಟಿಯಾಗಿ ಉಸಿರೆಳೆದುಕೊಂಡೆ.

ರುಕ್ಮಾಬಾಯಿ ಬಂದಳು. ಐದು, ಇವನಲ್ಲ. ಆರು, ಇವನಲ್ಲ.
ಗಲ್ಲದಡಿ ಉಪ್ಪಿನ ವಾಸನೆಯ ಬೆರಳು. ದೀಪದ ಬಿಸಿ.
ಹೋ ನ್ಹಯ್, ಅಂದಳು,
ಕೊಂಕಣಿಯಲ್ಲಿ, ಜನರಿಗೆ ಕೇಳದಷ್ಟು ಮೆಲ್ಲಗೆ.
ಮುಂದೆ ಹೋಗಲಿಲ್ಲ.
ನನ್ನ ಅಂಗಿ ಕೆಳಗೆಳೆದು ಹೊಟ್ಟೆ ಮುಚ್ಚಿದಳು,
ಥಂಡಿ ಆದೀತು ಅನ್ನುವ ಹಾಗೆ.
ಅದು ನಾಟಕದಲ್ಲಿ ಇರಲಿಲ್ಲ.
ಹೆಣ ಅಳಬಾರದು ಅಂತಲೂ
ಮಾಸ್ತರರು ಹೇಳಿರಲಿಲ್ಲ.

ಪರದೆ ಬಿದ್ದ ಮೇಲೆ ನನ್ನನ್ನು ಕೊಂದವನೇ ಕೈಕೊಟ್ಟು ಎಬ್ಬಿಸಿದ.
ಸಾಲಾಗಿ ನಿಂತು ನಮಸ್ಕಾರ ಮಾಡಿದೆವು,
ಭಜಿ ತಿಂದೆವು, ಬೂಟು ಎಣಿಸಿ ಗೋಣಿಗೆ ತುಂಬಿದೆವು.
ಹವಾಲ್ದಾರರು ಜನರೇಟರಿನ ಹತ್ತಿರ ಕತ್ತಲಲ್ಲಿ
ಕೊನೆಯ ತನಕ ನಿಂತಿದ್ದರಂತೆ. ಒಳಗೆ ಬಂದಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಹೋದೆ. ಹರಾಜು ಜೋರಾಗಿತ್ತು.
ಗೆರೆಗಳು ಅರ್ಧ ಅಳಿಸಿದ್ದವು.
ನನ್ನ ನಂಬರಿನ ಮೇಲೆ ಯಾರದೋ ತಾರ್ಲೆಯ ಬುಟ್ಟಿ,
ರುಕ್ಮಾಬಾಯಿ ಬಗ್ಗಿ ಒಂದು ಮೀನಿನ ಕಿವಿರು ಎತ್ತಿ ನೋಡಿದಳು,
ಬೇಡ ಅಂದಳು,
ನನ್ನನ್ನು ಕಂಡು, ಊಟ ಆಯ್ತಾ ಅಂತ ಕೇಳಿದಳು,
ಬೆಳಿಗ್ಗೆ ಏಳಕ್ಕೆ.